ಮನೆಯ ಲೆಕ್ಕ ಬೇರೆ, ಆಸ್ಪತ್ರೆಯ ಲೆಕ್ಕ ಬೇರೆ

ತೀರ್ಥಹಳ್ಳಿ ಕಡೆಯವರ ಮನೆಗೆ ನಕ್ಷೆ ಹಾಕಲು ಕೂತರೆ ನಾನು ಮೊದಲು ಕೇಳೋದು, ಅಡಿಕೆ ಎಲ್ಲಿ ಒಣಗಿಸ್ತೀರಿ ಅಂತ. ಅಂಗಳದ ಬಿಸಿಲು ಗೊತ್ತಾದ ಮೇಲೆಯೇ ಜಗಲಿ, ಅಡುಗೆಮನೆ, ಬಚ್ಚಲು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಮಾಡು ಇಳಿಜಾರಾಗಿರಬೇಕು, ಸೂರು ಮೂರಡಿಯಾದರೂ ಮುಂದೆ ಚಾಚಬೇಕು. ಇಲ್ಲದಿದ್ದರೆ ಆಷಾಢದಲ್ಲಿ ಗೋಡೆಯ ಬುಡವೆಲ್ಲ ಪಾಚಿ.

ಕಳೆದ ವರ್ಷ ಶಿವಮೊಗ್ಗದಲ್ಲಿ ಸಣ್ಣ ಆಸ್ಪತ್ರೆಯೊಂದರ ಕೆಲಸ ಬಂತು. ಅಲ್ಲಿ ಸ್ಟ್ರೆಚರ್ ಸಲೀಸಾಗಿ ತಿರುಗಬೇಕು, ಅದೇ ಮೊದಲು. ಕಾರಿಡಾರ್ ಎಂಟಡಿ, ರ‍್ಯಾಂಪ್ ಒಂದಡಿ ಏರಲು 12 ಅಡಿ ಉದ್ದ. "ಕಾರಿಡಾರ್ ಸ್ವಲ್ಪ ಕಿರಿದು ಮಾಡಿ, ಇನ್ನೆರಡು ರೂಮು ಬರ್ತವಲ್ಲ" ಅಂದರು ಮಾಲೀಕರು. ನಾನು ಒಪ್ಪಲಿಲ್ಲ. ಇಂಥದೇ ಒಂದು ಇಕ್ಕಟ್ಟಾದ ಮೆಟ್ಟಿಲಲ್ಲಿ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಇಳಿಸಿದ್ದೆವು. ತಿರುವಿನಲ್ಲಿ ಅವರ ಮೊಣಕೈ ಗೋಡೆಗೆ ಉಜ್ಜಿ ತರಚಿತ್ತು.