ದೀಪಾವಳಿ ರಾತ್ರಿಯ ಆ ಫೋಟೋ

ಇವತ್ತು ಒಂಬತ್ತನೇ ಕ್ಲಾಸಿಗೆ ಒಂದೇ ಒಂದು ಫೋಟೋ ತೋರಿಸಿದೆ. ಪ್ರತಿ ವರ್ಷ ಹಬ್ಬಕ್ಕೆ ವಾಟ್ಸಾಪ್‌ನಲ್ಲಿ ಬರುತ್ತಲ್ಲ, "ದೀಪಾವಳಿ ರಾತ್ರಿ ನಾಸಾ ತೆಗೆದ ಭಾರತ" ಅಂತ, ಅದೇ.

ನಿಜಾನಾ ಸುಳ್ಳಾ ಅಂತ ಕೇಳಲಿಲ್ಲ. ಏನು ಕಾಣಿಸ್ತಿದೆ ಹೇಳಿ ಅಂದೆ, ಅಷ್ಟೇ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿ, "ಮಿಸ್, ದೀಪ ಹಸಿರು, ನೀಲಿ ಬಣ್ಣದಲ್ಲಿ ಉರಿಯುತ್ತಾ?"

ಎಂಥ ಪ್ರಶ್ನೆ! ಲ್ಯಾಬಿಗೆ ಹೋಗಿ ಅವರೇ ಹುಡುಕಿದರು. ಅದು ಒಂದು ರಾತ್ರಿಯ ಫೋಟೋನೇ ಅಲ್ಲ. ಹವಾಮಾನ, ಸಾಗರಗಳ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾದ (NOAA) ವಿಜ್ಞಾನಿಯೊಬ್ಬರು ಹಲವು ವರ್ಷಗಳ ಉಪಗ್ರಹ ಚಿತ್ರ ಸೇರಿಸಿ ಮಾಡಿದ್ದು. 1992ಕ್ಕೂ ಮೊದಲಿಂದ ಇದ್ದ ಬೆಳಕು ಬಿಳಿ. 1992ರಲ್ಲಿ ಕಂಡಿದ್ದು ನೀಲಿ, 1998ರದ್ದು ಹಸಿರು, 2003ರದ್ದು ಕೆಂಪು. ನಮ್ಮ ಊರುಗಳು ಬೆಳೆದ ಕಥೆ ಅದು. ಸುಳ್ಳು ಸುದ್ದಿಗಿಂತ ಇದೇ ಚೆನ್ನಾಗಿದೆ, ಅಲ್ವಾ?

2012ರ ದೀಪಾವಳಿಯ ಅಸಲಿ ಚಿತ್ರವನ್ನು ನಾಸಾದವರೇ ಹಾಕಿದ್ದಾರೆ. ಹಬ್ಬದ ಬೆಳಕು ಅಷ್ಟು ಮೇಲಿಂದ ಬೇರೆಯಾಗಿ ಕಾಣುವುದೇ ಕಷ್ಟವಂತೆ.

ನಂಬಬಹುದಾದ ವೆಬ್‌ಸೈಟ್‌ಗಳ ಪಟ್ಟಿ ಬರೆಸುವುದಕ್ಕಿಂತ ಇದು ಮಕ್ಕಳ ತಲೆಯಲ್ಲಿ ಜಾಸ್ತಿ ದಿನ ಉಳಿಯುತ್ತೆ ಅನ್ನಿಸುತ್ತಿದೆ. ಮುಂದಿನ ವಾರ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಅಂತ ಹಬ್ಬಿದ್ದ ಸುಳ್ಳು ಸುದ್ದಿ. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿದ್ದು ಇಂಥದ್ದೇನಾದರೂ ಇದ್ದರೆ ಕಳಿಸಿ, ಕ್ಲಾಸಿಗೆ ಬೇಕು.