‘ಟೂಟ್ಸಿ’ಯಲ್ಲಿ ಸ್ಯಾಂಡಿಯ ಪಾಲು

20 ಜುಲೈ 2025, ಭಾನುವಾರ

ಊಟ ಮುಗಿಸಿ ಅಕ್ಕನ ಮಗಳ ಜತೆ ಹಾಲಿವುಡ್ ಸಿನಿಮಾ ‘ಟೂಟ್ಸಿ’ ನೋಡಿದೆ. ಅವಳು ಸೀರಿಯಲ್ ಒಂದರಲ್ಲಿ ನಾಯಕಿಯ ಗೆಳತಿ. “ಸಿಗೋದೇ ಅಪರೂಪಕ್ಕೊಂದು ರಜೆ, ಅದರಲ್ಲೂ ಸೀರಿಯಲ್ ಸೆಟ್ಟಿನ ಕಥೇನೇ ತೋರಿಸ್ತೀಯಲ್ಲ ಚಿಕ್ಕಮ್ಮ” ಅಂತ ಗೊಣಗಿಕೊಂಡೇ ಕೂತಳು. ಗಂಡಸು ಹೆಂಗಸಿನ ವೇಷ ಹಾಕುವ ಕಥೆ ಅಂದದ್ದಕ್ಕೆ, ಹಿಂದಿಯ ‘ಚಾಚಿ 420’ ಇದರದ್ದೇ ನಕಲಾ ಅಂತಲೂ ಕೇಳಿದಳು. ಅಲ್ಲ, ಅದು ತಮಿಳಿನ ‘ಅವ್ವೈ ಷಣ್ಮುಗಿ’ಯಿಂದ ಬಂದದ್ದು, ಅದರ ಬೇರು ಹಾಲಿವುಡ್ಡಿನ ‘ಮಿಸೆಸ್ ಡೌಟ್‌ಫೈರ್’. ‘ಟೂಟ್ಸಿ’ ಅದಕ್ಕೂ ಹನ್ನೊಂದು ವರ್ಷ ಹಳೆಯದು, 1982ರದ್ದು.

ಮೈಕೇಲ್ ಡಾರ್ಸಿ ನ್ಯೂಯಾರ್ಕಿನ ನಟ. ನಟನೆಯಲ್ಲಿ ಎತ್ತಿದ ಕೈ, ಆದರೆ ಅವನ ಜತೆ ಕೆಲಸ ಮಾಡಿದವರು ಯಾರೂ ಇನ್ನೊಂದು ಸಲ ಕರೆಯುವುದಿಲ್ಲ. ಜಾಹೀರಾತಿನಲ್ಲಿ ಟೊಮೆಟೊ ವೇಷ ಹಾಕಿ, ಕೂರು ಅಂದಾಗ ಕೂರುವುದಿಲ್ಲ ಅಂತ ಜಗಳ ತೆಗೆದವನು. ಯಾಕೆ ಅಂದರೆ, ಟೊಮೆಟೊ ಕೂರುವುದಕ್ಕೆ ತರ್ಕವೇ ಇಲ್ಲವಂತೆ! ಇದನ್ನು ಹೇಳಿ ಅವನ ಗ್ರಹಚಾರ ಬಿಡಿಸುವ ಏಜೆಂಟನ ಪಾತ್ರದಲ್ಲಿ ಸಿನಿಮಾದ ನಿರ್ದೇಶಕ ಸಿಡ್ನಿ ಪೊಲಾಕ್ ತಾನೇ ಇದ್ದಾನೆ. ಅವನಿಗೆ ಆ ಪಾತ್ರ ಮಾಡಲು ಮನಸ್ಸಿರಲಿಲ್ಲವಂತೆ. ಮೈಕೇಲ್ ಪಾತ್ರದ ಡಸ್ಟಿನ್ ಹಾಫ್‌ಮನ್, ಸಿನಿಮಾದಲ್ಲಿ ತಾನು ಹಾಕುವ ಹೆಣ್ಣುವೇಷ ‘ಡಾರತಿ’ಯ ಹೆಸರಿನಲ್ಲಿ ಗುಲಾಬಿ ಹೂವು ಕಳಿಸಿ ಒಪ್ಪಿಸಿದ. ಆ ಇಬ್ಬರೂ ಆಫೀಸಿನಲ್ಲಿ ಕಿತ್ತಾಡುವ ದೃಶ್ಯದಲ್ಲಿ ನಟನೆ ಯಾವುದು, ಸೆಟ್ಟಿನ ಮೇಲಿನ ನಿಜವಾದ ಸಿಟ್ಟು ಯಾವುದು ಅಂತ ಗೊತ್ತೇ ಆಗುವುದಿಲ್ಲ.

ರೂಮ್‌ಮೇಟ್ ಬರೆದ ನಾಟಕ ಆಡಿಸಲು ಎಂಟು ಸಾವಿರ ಡಾಲರ್ ಬೇಕು. ಕೆಲಸ ಕೊಡುವವರು ಯಾರೂ ಇಲ್ಲ. ಸರಿ, ಮೈಕೇಲ್ ವಿಗ್ಗು, ದೊಡ್ಡ ಕನ್ನಡಕ ಹಾಕಿ, ದಕ್ಷಿಣದ ರಾಜ್ಯಗಳ ಎಳೆದ ಮಾತು ಕಲಿತು, ಡಾರತಿ ಮೈಕೇಲ್ಸ್ ಆಗಿ ‘ಸೌತ್‌ವೆಸ್ಟ್ ಜನರಲ್’ ಎಂಬ ಆಸ್ಪತ್ರೆ ಸೀರಿಯಲ್ಲಿಗೆ ಸೇರಿಕೊಳ್ಳುತ್ತಾನೆ. ಆಮೇಲೆ ಅದೇ ಸೆಟ್ಟಿನ ನಟಿ ಜೂಲಿಯ ಮೇಲೆ ಮನಸ್ಸಾಗುತ್ತದೆ, ಜೂಲಿಯ ಅಪ್ಪನಿಗೆ ಡಾರತಿಯ ಮೇಲೆ ಮನಸ್ಸಾಗುತ್ತದೆ.

ಸೆಟ್ಟಿನ ದೃಶ್ಯ ಶುರುವಾಗಿದ್ದೇ ತಡ ನಮ್ಮ ಹುಡುಗಿ ನೆಟ್ಟಗೆ ಕೂತಳು. ಡಾಕ್ಟರ್ ಪಾತ್ರದ ಹಿರಿಯ ನಟ ವ್ಯಾನ್ ಹಾರ್ನ್ ಒಂದು ಸಾಲೂ ಬಾಯಿಪಾಠ ಮಾಡುವುದಿಲ್ಲ, ಟೆಲಿಪ್ರಾಂಪ್ಟರ್ ಕಡೆಗೇ ಕಣ್ಣು. “ಅಯ್ಯೋ, ನಮ್ಮಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡ್ತಾರೆ, ಅಷ್ಟೇ ವ್ಯತ್ಯಾಸ!” ಅಂದಳು. ಸಿಕ್ಕ ನಟಿಯರಿಗೆಲ್ಲ ಮುತ್ತು ಕೊಡುವ ಚಟ ಬೇರೆ ಅವನಿಗೆ. ಮೊದಲ ದಿನವೇ ಡಾರತಿ ಸ್ಕ್ರಿಪ್ಟಿನಲ್ಲಿ ಇಲ್ಲದಿದ್ದರೂ ಕೈಯಲ್ಲಿದ್ದ ಫೈಲಿನಿಂದ ಅವನ ತಲೆಗೆ ಒಂದು ಬಿಟ್ಟು ಮುತ್ತು ತಪ್ಪಿಸಿಕೊಳ್ಳುತ್ತಾಳೆ. ಟೇಕ್ ಮುಗಿದ ಮೇಲೆ ಅವನು ಭಲೇ ಅಂತ ಮೆಚ್ಚಿ, ಆ ನೆಪದಲ್ಲಿ ಕೊಟ್ಟೇಬಿಡುತ್ತಾನೆ. ಹುಡುಗಿ ಇದಕ್ಕೆ ನಗಲಿಲ್ಲ. “ಗೊತ್ತು, ಗೊತ್ತು” ಅಂದಳು ಅಷ್ಟೇ. ನಾನೂ ಕೆದಕಲಿಲ್ಲ.

ಗಂಡಸು ಲಂಗ ಹಾಕಿದ್ದೇ ಹಾಸ್ಯ ಅಂತ ಈ ಸಿನಿಮಾ ಎಲ್ಲೂ ಹಲ್ಲು ಕಿರಿಯುವುದಿಲ್ಲ. ನಗು ಬರುವುದು ಡಾರತಿಯನ್ನು ಎಲ್ಲರೂ ನಂಬಿಬಿಡುವುದರಿಂದ. ಯಕ್ಷಗಾನದ ಸ್ತ್ರೀವೇಷದಲ್ಲಿ ಒಳಗಿರುವುದು ಗಂಡಸು ಅಂತ ಇಡೀ ಸಭೆಗೆ ಗೊತ್ತು, ಗೊತ್ತಿದ್ದೂ ಮರೆಯುವುದರಲ್ಲೇ ಸುಖ. ಇಲ್ಲಿ ನಮಗೆ ಮಾತ್ರ ಗೊತ್ತು, ಸೆಟ್ಟಿನವರಿಗೆ ಗೊತ್ತಿಲ್ಲ. ಡಾರತಿಯ ಸ್ಕ್ರೀನ್ ಟೆಸ್ಟ್ ನೋಡುತ್ತಾ ಪ್ರೊಡ್ಯೂಸರಮ್ಮ, ಇವಳು ಇನ್ನೊಂಚೂರು ಚೆನ್ನಾಗಿ ಕಾಣಬೇಕು, ಕ್ಯಾಮೆರಾ ಎಷ್ಟು ಹಿಂದೆ ಹೋದೀತು ಅನ್ನುತ್ತಾಳೆ. ದೂರದ ಊರು ಕ್ಲೀವ್‌ಲ್ಯಾಂಡ್ ತನಕ ಹೋದರೆ ಸಾಕೇ ಅನ್ನುತ್ತಾನೆ ಕ್ಯಾಮೆರಾದವನು.

ಈ ಜೋಕಿನ ಹಿಂದೆ ಒಂದು ನಿಜದ ಕಥೆಯೂ ಇದೆ. ಮೇಕಪ್ ಟೆಸ್ಟ್ ನೋಡಿದ ಹಾಫ್‌ಮನ್, ಹೆಂಗಸಿನ ಹಾಗೆ ಕಾಣುತ್ತಿದ್ದೇನೆ, ಈಗ ನನ್ನನ್ನು ಚೆಲುವೆ ಮಾಡಿ ಅಂದನಂತೆ. ಇದಕ್ಕಿಂತ ಚೆಲುವೆ ಮಾಡಲು ಆಗುವುದಿಲ್ಲ ಅಂದರಂತೆ ಮೇಕಪ್ಪಿನವರು. ಆ ದಿನ ಅವನು ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತದ್ದನ್ನು ಎಷ್ಟೋ ವರ್ಷದ ಮೇಲೆ ಸಂದರ್ಶನವೊಂದರಲ್ಲಿ ಹೇಳಿ ಮತ್ತೆ ಕಣ್ಣು ತುಂಬಿಕೊಂಡ. ಇಂಥ ಹೆಂಗಸು ಪಾರ್ಟಿಯಲ್ಲಿ ಎದುರಾಗಿದ್ದರೆ ತಾನೇ ಮಾತಾಡಿಸುತ್ತಿರಲಿಲ್ಲ ಅನ್ನುವುದು ಅವನಿಗೆ ಹೊಳೆದ ಸಂಗತಿ. ಡಾರತಿಯಲ್ಲಿ ಅಷ್ಟು ಗಾಂಭೀರ್ಯ ಎಲ್ಲಿಂದ ಬಂತು ಅನ್ನುವುದಕ್ಕೆ ನನಗೆ ಇಷ್ಟು ಸಾಕು.

ಆದರೆ ಇವತ್ತು ನನ್ನ ಕಣ್ಣು ಇದ್ದದ್ದು ಸ್ಯಾಂಡಿಯ ಮೇಲೆ. ಮೈಕೇಲನ ಗೆಳತಿ, ಟೆರಿ ಗಾರ್ ಮಾಡಿರುವ ಪಾತ್ರ. ಡಾರತಿಗೆ ಸಿಕ್ಕ ಆ ಪಾತ್ರಕ್ಕೆ ಮೊದಲು ಆಡಿಷನ್ನಿಗೆ ಹೋದವಳು ಸ್ಯಾಂಡಿ! ತಯಾರು ಮಾಡಿ ಕರೆದುಕೊಂಡು ಹೋದವನು ಮೈಕೇಲ್. ನೀನು ಈ ಪಾತ್ರಕ್ಕೆ ಸರಿಹೋಗುವ ಆಳಲ್ಲ ಅಂತ ಸಾಲು ಓದಿಸದೆಯೇ ಅವಳನ್ನು ಕಳಿಸುತ್ತಾರೆ. ಅವಳು ಬಿಟ್ಟುಬಂದ ಬಾಗಿಲಲ್ಲೇ ಇವನು ವೇಷ ಕಟ್ಟಿಕೊಂಡು ಹೋಗುತ್ತಾನೆ. ಮುಂದೆ ಅವಳ ಬೆಡ್‌ರೂಮಿನಲ್ಲಿ ಅವಳದೇ ಡ್ರೆಸ್ ಹಾಕಿ ನೋಡಲು ಬಟ್ಟೆ ಬಿಚ್ಚುತ್ತಿರುವಾಗ ಸಿಕ್ಕಿಬಿದ್ದು, ಬೇರೆ ಸುಳ್ಳು ತೋಚದೆ, ನೀನು ಬೇಕು ಅನ್ನುತ್ತಾನೆ. ಅಲ್ಲಿಂದ ಆ ಹುಡುಗಿಗೆ ಒಂದರ ಮೇಲೊಂದು ಸುಳ್ಳು. ಡಾರತಿಯಾಗಿ ಸೆಟ್ಟಿನಲ್ಲಿ ಹೆಂಗಸರ ಮರ್ಯಾದೆಯ ಬಗ್ಗೆ ಉದ್ದುದ್ದ ಭಾಷಣ ಮಾಡುವವನು, ಸಂಜೆ ಸ್ಯಾಂಡಿಯ ಜತೆ ಊಟಕ್ಕೆ ಹೋಗುವ ಮಾತನ್ನೂ ಉಳಿಸಿಕೊಳ್ಳುವುದಿಲ್ಲ. ಹೆಂಗಸಾಗಿ ಒಳ್ಳೆಯ ಮನುಷ್ಯನಾದೆ ಅಂತ ಕೊನೆಗೆ ಅವನು ಹೇಳಿಕೊಳ್ಳುವುದೂ ಜೂಲಿಗೆ, ಸ್ಯಾಂಡಿಗಲ್ಲ.

ಹಾಗಂತ ಟೆರಿ ಗಾರ್ ಸುಮ್ಮನೆ ಪಾಪದವಳಾಗಿ ಕೂರುವುದಿಲ್ಲ. ಅಳು, ಸಿಟ್ಟು, ನಗು ಮೂರನ್ನೂ ಒಂದೇ ಉಸಿರಿನಲ್ಲಿ ತೆಗೆದು, ಪ್ರೀತಿ ಇಲ್ಲದಿದ್ದರೆ ಬೇಡ, ಸುಳ್ಳು ಹೇಳಬೇಡ ಅಂತ ಕಿರುಚಾಡುವ ದೃಶ್ಯವನ್ನು ಹಿಂದಕ್ಕೆ ಹಾಕಿ ಎರಡನೇ ಸಲ ನೋಡಿದೆವು. ಹತ್ತು ಆಸ್ಕರ್ ನಾಮನಿರ್ದೇಶನದಲ್ಲಿ ಗೆದ್ದದ್ದು ಒಂದೇ, ಪೋಷಕ ನಟಿಯದು. ಅದಕ್ಕೆ ಟೆರಿ ಗಾರ್, ಜೂಲಿಯ ಪಾತ್ರದ ಜೆಸ್ಸಿಕಾ ಲ್ಯಾಂಗ್ ಇಬ್ಬರೂ ಸ್ಪರ್ಧೆಯಲ್ಲಿದ್ದರು. ಸಿಕ್ಕಿದ್ದು ಜೂಲಿಗೆ. ಅಲ್ಲೂ ಸ್ಯಾಂಡಿಗೆ ಅದೇ ಗತಿ.

“ನಾನಾಗಿದ್ರೆ ಚಾನೆಲ್ಲಿಗೇ ಹೋಗಿ ಹೇಳಿಬಿಡ್ತಿದ್ದೆ” ಅಂದಳು ನಮ್ಮವಳು. ಹೇಳುತ್ತಿರಲಿಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಮುಂದೆ ಇನ್ನೊಂದು ಪಾತ್ರ ಸಿಕ್ಕೀತು ಅಂತ ಸಹಿಸಿಕೊಳ್ಳುವವರ ಪೈಕಿ ಅವಳೂ ಒಬ್ಬಳು.

ಟೆರಿ ಗಾರ್ 2024ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಅವಳನ್ನು ಬಹಳ ವರ್ಷ ಕಾಡಿತ್ತು. ಮುಂದಿನ ರಜೆಗೆ ಅವಳ ‘ಯಂಗ್ ಫ್ರಾಂಕನ್‌ಸ್ಟೈನ್’ ನೋಡೋಣ ಅಂದೆ. ಹುಡುಗಿ ಮೊಬೈಲಿನಲ್ಲಿ ಶೆಡ್ಯೂಲ್ ನೋಡಿ, ಈ ತಿಂಗಳು ಆಗಲ್ಲ ಚಿಕ್ಕಮ್ಮ, ಕಥೆಯಲ್ಲಿ ಮದುವೆ ಸೀನು ನಡೀತಿದೆ, ನಾಯಕಿ ಹಿಂದೆ ನಿಂತ್ಕೊಳ್ಳೋದು ಬಹಳ ಇದೆ ಅಂದಳು.