ಹಾಡು ಚೆನ್ನಾಗೈತೆ ಸಾ

ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂತಿದ್ದೆ. ಪ್ರಚಾರದ ಆಟೋ ಬಂತು. ಟ್ಯೂನು ಹಳೇ ಸಿನಿಮಾದ್ದು, ಹೆಸರು ಮಾತ್ರ ಅಭ್ಯರ್ಥಿದು. ಟೇಬಲ್ ಒರೆಸ್ತಿದ್ದ ಹುಡುಗ ಒದ್ದೆ ಬಟ್ಟೇಲೇ ತಾಳ ಹಾಕ್ದ.

"ಇವ್ರಿಗೇ ಓಟಾ?" ಅಂದೆ.

"ಹಾಡು ಚೆನ್ನಾಗೈತೆ ಸಾ. ಓಟು ನಮ್ಮವ್ವ ಹೇಳ್ದೋರಿಗೆ."

ಅಮೆರಿಕದ ಹಾಡುಗಾರ್ತಿ ಟೇಲರ್ ಸ್ವಿಫ್ಟ್ ನೆನಪಾದ್ಳು. 2024ರ ಸೆಪ್ಟೆಂಬರ್‌ನಲ್ಲಿ ಬೆಕ್ಕು ಎತ್ಕೊಂಡಿರೋ ಫೋಟೊ ಹಾಕಿ, ನನ್ನ ಓಟು ಕಮಲಾ ಹ್ಯಾರಿಸ್‌ಗೆ ಅಂದಿದ್ಲು. ಜೊತೆಗೆ ಮತದಾರರ ನೋಂದಣಿ ಲಿಂಕು. ಒಂದೇ ದಿನಕ್ಕೆ ಸುಮಾರು 4 ಲಕ್ಷ ಜನ ಅದನ್ನ ಒತ್ತಿ ನೋಡಿದ್ರು!

ಗೆದ್ದಿದ್ದು ಟ್ರಂಪ್, ಬಿಡಿ.

ಆದ್ರೂ ಆ ಲಿಂಕಿನ ಕೆಲಸ ನಂಗಿಷ್ಟ. ನಮ್ಮೂರಿಗೆ ರೋಡ್ ಶೋಗೆ ಬರೋ ಸ್ಟಾರ್‌ಗಳು ಕೈ ಬೀಸ್ತಾರೆ, ಹಾರ ಹಾಕಿಸ್ಕೋತಾರೆ. ಪಟ್ಟೀಲಿ ನಿಮ್ಮ ಹೆಸರಿದ್ಯಾ ಅಂತ ಕೇಳಿದೋರನ್ನ ನಾನಂತೂ ಕಂಡಿಲ್ಲ.